ಬಸ್ಸಿನ ಒಡಲು, ಗೂಡ್ಸಿನ ಗಾಲಿ: ಬ್ರಿಟನ್ನಿನ ಸಣ್ಣ ಡೀಸೆಲ್ ರೈಲುಗಳ ದುಡಿಮೆ

ಕರ್ನಾಟಕದ ರೈಲು ಬಳಕೆದಾರರ ಸಂಘಗಳ ಸದಸ್ಯರಿಗೆ ಬಹಿರಂಗ ಪತ್ರ



ಬ್ರಿಟನ್ನಿನ ಕವಲು ಮಾರ್ಗಗಳಿಗೆ ಡೀಸೆಲ್ ರೈಲು ಬಂದದ್ದು ಬಸ್ಸು ಕಟ್ಟುವವರ ಕೈಯಿಂದ. ಲಂಡನ್ನಿಗೆ ಬಸ್ಸುಗಳನ್ನು ಒದಗಿಸುತ್ತಿದ್ದ ಸೌತಾಲ್‌ನ ಎ.ಇ.ಸಿ. ಕಂಪನಿ 1933ರಲ್ಲಿ 130 ಅಶ್ವಶಕ್ತಿಯ ಇಂಜಿನ್ ಕೂರಿಸಿದ ಒಂಟಿ ರೈಲುಬೋಗಿಯನ್ನು ಗ್ರೇಟ್ ವೆಸ್ಟರ್ನ್ ರೈಲ್ವೆಗೆ ತಯಾರಿಸಿಕೊಟ್ಟಿತು. 1942ರ ಹೊತ್ತಿಗೆ ಅಂಥ ಗಾಡಿಗಳ ಸಂಖ್ಯೆ 38ಕ್ಕೆ ಮುಟ್ಟಿತ್ತು. ಅವುಗಳ ಲಾಭ ಲೆಕ್ಕದ ಪುಸ್ತಕದಲ್ಲೇ ಕಾಣುತ್ತಿತ್ತು. ಉಗಿ ಇಂಜಿನ್ನಾದರೆ ಬೆಳಗಿನ ಮೊದಲ ಗಾಡಿಗೆ ಗಂಟೆಗಟ್ಟಲೆ ಮುಂಚೆಯೇ ಬೆಂಕಿ ಹಾಕಬೇಕು, ಚಾಲಕನ ಜೊತೆಗೆ ಫೈರ್‌ಮನ್ ಬೇಕು, ಕಲ್ಲಿದ್ದಲು, ನೀರು, ಬೂದಿ ತೆಗೆಯುವ ಆಳು ಎಲ್ಲವೂ ಬೇಕು. ಮಾರ್ಗದ ಕೊನೆ ಮುಟ್ಟಿದ ಮೇಲೆ ಇಂಜಿನ್ನನ್ನು ಕಳಚಿ, ಇನ್ನೊಂದು ಹಳಿಯಲ್ಲಿ ಸುತ್ತಿಸಿ ತಂದು, ಗಾಡಿಯ ಮತ್ತೊಂದು ತುದಿಗೆ ಕಟ್ಟಬೇಕು. ಡೀಸೆಲ್ ಬೋಗಿಗೆ ಎರಡು ತುದಿಯಲ್ಲೂ ಚಾಲಕನ ಕೋಣೆ ಇದ್ದುದರಿಂದ ಚಾಲಕ ಈ ಕಡೆಯಿಂದ ಇಳಿದು ಆ ಕಡೆಗೆ ಹತ್ತಿದರೆ ಗಾಡಿ ಮರುಪ್ರಯಾಣಕ್ಕೆ ಸಿದ್ಧ.

ಯುದ್ಧ ಮುಗಿದು ರೈಲ್ವೆ ರಾಷ್ಟ್ರೀಕರಣವಾದ ಮೇಲೆ ಈ ಯೋಚನೆಗೆ ದೊಡ್ಡ ಪ್ರಮಾಣದಲ್ಲಿ ಕೈ ಹಾಕಲಾಯಿತು. 1954ರಲ್ಲಿ ಡರ್ಬಿ ಕಾರ್ಖಾನೆಯ ಅಲ್ಯೂಮಿನಿಯಂ ಒಡಲಿನ ಹಗುರ ಗಾಡಿಗಳು ಯಾರ್ಕ್‌ಷೈರಿನ ಲೀಡ್ಸ್–ಬ್ರಾಡ್‌ಫರ್ಡ್ ಸೀಮೆಯಲ್ಲಿ ಓಡಾಟಕ್ಕೆ ಇಳಿದವು. ಮರುವರ್ಷ ಪ್ರಕಟವಾದ 124 ಕೋಟಿ ಪೌಂಡಿನ ಆಧುನೀಕರಣ ಯೋಜನೆ ಇವನ್ನು ದೇಶದ ತುಂಬ ಹರಡಿತು. 1960ರ ದಶಕದ ಮೊದಲ ವರ್ಷಗಳಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಬೋಗಿಗಳು ಹಳಿಯ ಮೇಲಿದ್ದವು. ಪ್ರಯಾಣಿಕರಿಗೆ ಅವು ಹಿಡಿಸಿದ್ದಕ್ಕೆ ಹೊಗೆ-ಮಸಿಯ ಕಾಟ ತಪ್ಪಿದ್ದು ಒಂದು ಕಾರಣ. ಇನ್ನೊಂದು ಕಾರಣವನ್ನು ಇಂದಿನ ಗಾಡಿ ವಿನ್ಯಾಸಕರು ಮರೆತೇಬಿಟ್ಟಿದ್ದಾರೆ. ಚಾಲಕನ ಬೆನ್ನ ಹಿಂದೆ ಗಾಜಿನ ಕಿಟಕಿ ಇರುತ್ತಿತ್ತು. ಮೊದಲ ಸಾಲಿನಲ್ಲಿ ಕೂತವರಿಗೆ ಮುಂದಿನ ಹಳಿ, ಸಿಗ್ನಲ್ಲು, ಸೇತುವೆ, ಸುರಂಗ ಎಲ್ಲವೂ ಚಾಲಕನಿಗೆ ಕಂಡ ಹಾಗೆಯೇ ಕಾಣುತ್ತಿದ್ದವು.

ಈ ಮೊದಲ ತಲೆಮಾರಿನ ಗಾಡಿಗಳನ್ನು ನಡೆಸುವುದಕ್ಕೆ ಕೈಚಳಕ ಬೇಕಿತ್ತು. ಇಂಜಿನ್ ನೆಲದ ಅಡಿಯಲ್ಲಿ ಅಡ್ಡಲಾಗಿ ಮಲಗಿರುತ್ತಿತ್ತು. ಸಾಮಾನ್ಯವಾಗಿ ಒಂದು ಬೋಗಿಗೆ 150 ಅಶ್ವಶಕ್ತಿಯ ಎರಡು ಇಂಜಿನ್, ಪ್ರತಿಯೊಂದಕ್ಕೂ ನಾಲ್ಕು ಗೇರಿನ ಪೆಟ್ಟಿಗೆ. ಗಾಡಿ ಹೊರಡುವಾಗ ಚಾಲಕ ಒಂದನೇ ಗೇರಿಗೆ ಹಾಕಿ ಥ್ರಾಟಲ್ ತೆರೆಯುತ್ತಿದ್ದ. ವೇಗ ಏರಿದಾಗ ಥ್ರಾಟಲ್ಲನ್ನು ಪೂರ್ತಿ ಮುಚ್ಚಿ, ಇಂಜಿನ್ನಿನ ಸುತ್ತು ಇಳಿಯುವವರೆಗೆ ಒಂದೆರಡು ಕ್ಷಣ ತಡೆದು, ಮುಂದಿನ ಗೇರಿಗೆ ಹಾಕಿ ಮತ್ತೆ ತೆರೆಯಬೇಕು. ಆತುರಪಟ್ಟರೆ ಗಾಡಿಯಿಡೀ ಜಗ್ಗುತ್ತಿತ್ತು. ಗಾಳಿಯ ಒತ್ತಡ ಮತ್ತು ವಿದ್ಯುತ್ ತಂತಿಗಳ ಮೂಲಕ ಚಾಲಕನ ಈ ಒಂದೊಂದು ಅಪ್ಪಣೆಯೂ ಹಿಂದಿನ ಎಲ್ಲ ಬೋಗಿಗಳ ಇಂಜಿನ್ನಿಗೆ ಏಕಕಾಲಕ್ಕೆ ತಲುಪುತ್ತಿತ್ತು. ಹಾಗಾಗಿ ಎರಡು ಬೋಗಿಯ ಸೆಟ್ಟುಗಳನ್ನು ಬೆಳಗಿನ ದಟ್ಟಣೆಗೆ ಒಂದಕ್ಕೊಂದು ಕೂಡಿಸಿ, ಮಧ್ಯಾಹ್ನ ಬಿಡಿಸಿ ಬೇರೆ ಬೇರೆ ಊರಿಗೆ ಕಳಿಸಲು ಆಗುತ್ತಿತ್ತು. ಸಣ್ಣ ಡೀಸೆಲ್ ರೈಲಿನ ನಿಜವಾದ ಶಕ್ತಿ ಇರುವುದು ಹೀಗೆ ಕೂಡುವ, ಬಿಡಿಸುವ ಅನುಕೂಲದಲ್ಲಿ. ಇಂಜಿನ್ನಿನ ಅಶ್ವಶಕ್ತಿ ಎರಡನೆಯ ಮಾತು.

ಹಾಗಿದ್ದರೂ ಅಗ್ಗದ ಗಾಡಿಯೊಂದರಿಂದಲೇ ಮಾರ್ಗ ಉಳಿಯಲಿಲ್ಲ. 1958ರ ಸುಮಾರಿಗೆ ಐದು ಕಂಪನಿಗಳಿಂದ ಒಟ್ಟು 22 ನಾಲ್ಕು ಗಾಲಿಯ ರೈಲುಬಸ್ಸುಗಳನ್ನು ಕೊಂಡು ಅತಿ ಕಡಿಮೆ ಜನ ಓಡಾಡುವ ಮಾರ್ಗಗಳಿಗೆ ಹಾಕಲಾಯಿತು. ಗಾಡಿ ಅಗ್ಗವಾಯಿತು, ನಿಜ. ಆದರೆ ಪ್ರತಿ ನಿಲ್ದಾಣಕ್ಕೂ ಮಾಸ್ತರು, ಟಿಕೆಟ್ ಗುಮಾಸ್ತ, ಪೋರ್ಟರು. ಪ್ರತಿ ಸಿಗ್ನಲ್ ಪೆಟ್ಟಿಗೆಗೂ ಪಾಳಿಯ ಆಳುಗಳು. ಆ ಖರ್ಚು ಇದ್ದಂತೆಯೇ ಇತ್ತು. 1963ರ ಮಾರ್ಚ್‌ನಲ್ಲಿ ರಿಚರ್ಡ್ ಬೀಚಿಂಗ್ ಅವರ ವರದಿ ಹೊರಬಂತು. 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬೇಕೆಂದು ಅದು ಹೇಳಿತು. ರೈಲುಬಸ್ಸು ಓಡುತ್ತಿದ್ದ ಮಾರ್ಗಗಳಲ್ಲಿ ಹೆಚ್ಚಿನವು ಆ ಅಲೆಯಲ್ಲಿ ಕೊಚ್ಚಿಹೋದವು, ರೈಲುಬಸ್ಸುಗಳೂ ದಶಕ ಮುಗಿಯುವ ಮೊದಲೇ ಮೂಲೆ ಸೇರಿದವು.

ಉಳಿಸುವ ದಾರಿ ಏನೆಂಬುದನ್ನು ಪೂರ್ವ ಇಂಗ್ಲೆಂಡಿನಲ್ಲಿ ಜೆರಾರ್ಡ್ ಫೈನ್ಸ್ ಎಂಬ ಅಧಿಕಾರಿ ತೋರಿಸಿಕೊಟ್ಟರು. ನಿಲ್ದಾಣಗಳಲ್ಲಿ ಸಿಬ್ಬಂದಿ ಬೇಡ, ಗಾರ್ಡೇ ಗಾಡಿಯೊಳಗೆ ಓಡಾಡಿ ಟಿಕೆಟ್ ಕೊಡಲಿ, ಹಳಿ-ಸಿಗ್ನಲ್ಲು ಅಗತ್ಯಕ್ಕೆ ತಕ್ಕಷ್ಟೇ ಇರಲಿ ಎಂಬುದು ಅವರ ವಾದ. ಬಸ್ ಕಂಡಕ್ಟರನ ಪದ್ಧತಿಯನ್ನೇ ರೈಲಿಗೆ ತಂದ ಹಾಗೆ. 1966ರಲ್ಲಿ ಈಸ್ಟ್ ಸಫಕ್ ಮಾರ್ಗ ಮುಚ್ಚುವಿಕೆಯಿಂದ ಪಾರಾಯಿತು. ಮರುವರ್ಷದಿಂದ ಅಲ್ಲಿ ಗಾಡಿಯಲ್ಲೇ ಟಿಕೆಟ್ ಕೊಡುವ ವ್ಯವಸ್ಥೆ ಬಂತು. ಆ ಮಾರ್ಗದಲ್ಲಿ ಇಂದಿಗೂ ರೈಲು ಓಡುತ್ತಿದೆ. 1968ರ ಸಾರಿಗೆ ಕಾಯ್ದೆ ಇದಕ್ಕೆ ಕಾನೂನಿನ ಬೆಂಬಲ ಕೊಟ್ಟಿತು. ಲಾಭ ತರದಿದ್ದರೂ ಸಮಾಜಕ್ಕೆ ಬೇಕಾದ ಪ್ರಯಾಣಿಕ ಸೇವೆಗೆ ಸರ್ಕಾರ ಹಣ ಕೊಡಬಹುದು ಎಂದಾಯಿತು. ದೊಡ್ಡ ಊರುಗಳ ಸುತ್ತ ಪ್ರಯಾಣಿಕ ಸಾರಿಗೆ ಮಂಡಳಿಗಳು ಹುಟ್ಟಿದ್ದೂ ಅದೇ ಕಾಯ್ದೆಯಿಂದ.

1970ರ ದಶಕದ ಕೊನೆಗೆ ಹಳೆಯ ಗಾಡಿಗಳು ಸೋತಿದ್ದವು. ಅವುಗಳ ಗೋಡೆಯೊಳಗೆ ತುಂಬಿದ್ದ ಕಲ್ನಾರು ಆರೋಗ್ಯಕ್ಕೆ ಅಪಾಯವೆಂದು ತಿಳಿದ ಮೇಲೆ ದುರಸ್ತಿಯ ಖರ್ಚು ಏರಿತು. ಹೊಸದನ್ನು ಕೊಳ್ಳಲು ಕೈಯಲ್ಲಿ ಹಣವಿರಲಿಲ್ಲ. ಆಗ ಎರಡು ವಸ್ತುಗಳು ಒಂದೆಡೆ ಸೇರಿದವು. ಡರ್ಬಿಯ ಬ್ರಿಟಿಷ್ ರೈಲ್ ಸಂಶೋಧನಾ ವಿಭಾಗ ವೇಗವಾಗಿ ಓಡಬಲ್ಲ ನಾಲ್ಕು ಗಾಲಿಯ ಗೂಡ್ಸ್ ವ್ಯಾಗನ್ನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತ್ತು. ಇತ್ತ ಕಂಬ್ರಿಯಾದ ವರ್ಕಿಂಗ್ಟನ್ ಬಳಿ ಲೇಲ್ಯಾಂಡ್ ಕಂಪನಿಯ ಕಾರ್ಖಾನೆಯಲ್ಲಿ ‘ಲೇಲ್ಯಾಂಡ್ ನ್ಯಾಷನಲ್’ ಬಸ್ಸಿನ ಒಡಲು ಒಂದೇ ಅಳತೆಯ ತುಂಡುಗಳಾಗಿ ತಯಾರಾಗುತ್ತಿತ್ತು. ತುಂಡು ಜೋಡಿಸಿದಂತೆ ಉದ್ದ ಹೆಚ್ಚಿಸಬಹುದಿತ್ತು. ವ್ಯಾಗನ್ನಿನ ಚಾಸಿಸ್ ಮೇಲೆ ಆ ಬಸ್ಸಿನ ಒಡಲನ್ನು ಕೂರಿಸಿ 1978ರಲ್ಲಿ ಮೊದಲ ಪ್ರಯೋಗದ ಗಾಡಿಯನ್ನು ಓಡಿಸಿ ನೋಡಲಾಯಿತು. ಅಮೆರಿಕದ ಬಾಸ್ಟನ್ ಸೀಮೆಗೂ ಅದನ್ನು ಕಳಿಸಿ ಪರೀಕ್ಷಿಸಿದರು. ಚೆನ್ನೈನ ಅಶೋಕ್ ಲೇಲ್ಯಾಂಡ್ ತನ್ನ ಹೆಸರಿನ ಅರ್ಧವನ್ನು ಪಡೆದದ್ದು ಇದೇ ಲೇಲ್ಯಾಂಡಿನಿಂದ ಎಂಬುದು ಕರ್ನಾಟಕದ ಸಾರಿಗೆ ಬಸ್ಸುಗಳನ್ನು ಬಲ್ಲವರಿಗೆ ಗೊತ್ತಿರುವ ಮಾತೇ.

ಇದರಿಂದ ಬೆಳೆದ ಗಾಡಿಗಳಿಗೆ ‘ಪೇಸರ್’ ಎಂಬ ಹೆಸರು ನಿಂತಿತು. 1984ರಿಂದ 1987ರ ನಡುವೆ ನಾಲ್ಕು ಬಗೆಯ ಪೇಸರ್‌ಗಳು ಓಡಾಟಕ್ಕೆ ಬಂದವು: 141ನೇ ವರ್ಗದ 20 ಸೆಟ್ಟು, 142ರ 96, 143ರ 25, 144ರ 23. ಹೆಚ್ಚಿನವು ಎರಡು ಬೋಗಿಯವು. ಮೊದಲ ವರ್ಗದ ಒಡಲು ಬಸ್ಸಿನಷ್ಟೇ ಕಿರಿದಾಗಿತ್ತು. 142ರಲ್ಲಿ ಅದನ್ನು ಅಗಲಿಸಿ ಸುಮಾರು 120 ಜನ ಕೂರುವಂತೆ ಮಾಡಿದರು. ಸೀಟುಗಳು ಬಸ್ಸಿನ ಬೆಂಚುಗಳೇ, ಬಾಗಿಲುಗಳು ಬಸ್ಸಿನ ಹಾಗೆ ಮಡಚುವಂಥವೇ. 143 ಮತ್ತು 144ಕ್ಕೆ ಒಡಲು ಕೊಟ್ಟದ್ದು ಫಾಲ್ಕರ್ಕ್‌ನ ಅಲೆಕ್ಸಾಂಡರ್ ಎಂಬ ಇನ್ನೊಂದು ಬಸ್ ಕಂಪನಿ. ಗಾಡಿಯ ಆಯುಷ್ಯ ಇಪ್ಪತ್ತು ವರ್ಷ ಎಂದು ಅಂದಾಜಿಸಿದ್ದರು.

ಪೇಸರಿನ ಗುಣದೋಷ ಎರಡೂ ಅದರ ಗಾಲಿಯಲ್ಲಿವೆ. ಸಾಮಾನ್ಯ ರೈಲುಬೋಗಿಯ ಎರಡು ತುದಿಯಲ್ಲೂ ನಾಲ್ಕು ನಾಲ್ಕು ಗಾಲಿಯ ಒಂದೊಂದು ಟ್ರಾಲಿ ಇರುತ್ತದೆ. ತಿರುವು ಬಂದಾಗ ಆ ಟ್ರಾಲಿ ತಾನೇ ಹಳಿಯ ದಿಕ್ಕಿಗೆ ಹೊರಳಿಕೊಳ್ಳುತ್ತದೆ. ಪೇಸರಿನಲ್ಲಿ ಟ್ರಾಲಿ ಇಲ್ಲ. ಹದಿನೈದು ಮೀಟರಿಗೂ ಹೆಚ್ಚು ಉದ್ದದ ಬೋಗಿಗೆ ಎರಡೇ ಅಚ್ಚು, ಅವುಗಳ ನಡುವೆ ಒಂಬತ್ತು ಮೀಟರ್ ಅಂತರ. ಹಳಿ ಬಾಗಿದರೂ ಅಚ್ಚು ಹೆಚ್ಚುಕಡಿಮೆ ನೇರವಾಗಿಯೇ ಉಳಿಯುತ್ತದೆ. ಆಗ ಗಾಲಿಯ ಅಂಚು ಹಳಿಯ ಬದಿಗೆ ಉಜ್ಜಿ, ನಿಲ್ದಾಣದಾಚೆಯ ಮನೆಗಳಿಗೂ ಕೇಳುವಂಥ ಕೀರಲು ಸದ್ದು ಹೊರಡುತ್ತದೆ. ಗಾಲಿಯೂ ಹಳಿಯೂ ಬೇಗ ಸವೆಯುತ್ತವೆ. ನೇರ ಹಳಿಯಲ್ಲಿ ಹಳಿಯ ಸಂದು ದಾಟಿದಾಗಲೆಲ್ಲ ಬೋಗಿಯ ಮುಂದು ಏಳುತ್ತದೆ, ಹಿಂದು ಬೀಳುತ್ತದೆ. ‘ತಲೆಯಾಡಿಸುವ ಕತ್ತೆ’ ಎಂದು ಜನ ಕರೆದದ್ದು ಆ ಕುಲುಕಾಟಕ್ಕೆ. ಅದೇ ಎರಡು ಅಚ್ಚುಗಳ ದೆಸೆಯಿಂದ ಗಾಡಿ ಹಗುರವಾಯಿತು, ಅಗ್ಗವಾಯಿತು, ಕಡಿಮೆ ಎಣ್ಣೆ ಕುಡಿಯಿತು ಎಂಬುದೂ ಅಷ್ಟೇ ನಿಜ.

ದೋಷ ಮೊದಲು ಬಯಲಾದದ್ದು ಕಾರ್ನ್‌ವಾಲ್‌ನಲ್ಲಿ. 1985–86ರಲ್ಲಿ ಹದಿಮೂರು ಸೆಟ್ಟುಗಳಿಗೆ ಹಳೆಯ ಗ್ರೇಟ್ ವೆಸ್ಟರ್ನ್ ರೈಲ್ವೆಯ ಕಂದು-ಕೆನೆ ಬಣ್ಣ ಬಳಿದು ಅಲ್ಲಿನ ಕವಲು ಮಾರ್ಗಗಳಿಗೆ ಕಳಿಸಲಾಯಿತು. ಆ ಸೀಮೆಯ ಹಳಿ ಕಣಿವೆ, ಹೊಳೆಗಳನ್ನು ಬಳಸಿಕೊಂಡು ಸಾಗುತ್ತದೆ, ಹೆಜ್ಜೆಗೊಂದು ಬಿಗಿ ತಿರುವು. ಎರಡು ವರ್ಷವೂ ತುಂಬುವ ಮೊದಲೇ ಗಾಡಿಗಳನ್ನು ಉತ್ತರ ಇಂಗ್ಲೆಂಡಿಗೆ ಸಾಗಹಾಕಿ, ನಿವೃತ್ತಿಯ ಅಂಚಿನಲ್ಲಿದ್ದ ಹಳೆಯ ಡೀಸೆಲ್ ಬೋಗಿಗಳನ್ನೇ ಮರಳಿ ತರಬೇಕಾಯಿತು. ಯಾವ ಹಳಿಗೆ ಯಾವ ಗಾಡಿ ಎಂಬ ಪ್ರಶ್ನೆಯನ್ನು ಖರೀದಿಗೆ ಮೊದಲು ಕೇಳದೆ ಹೋದದ್ದರ ಫಲ ಇದು. ಇಂಜಿನ್ ಭಾಗದಲ್ಲೂ ಸುಧಾರಣೆ ಬೇಕಾಯಿತು. ಬಸ್ಸಿನಿಂದ ಬಂದ 200 ಅಶ್ವಶಕ್ತಿಯ ಲೇಲ್ಯಾಂಡ್ ಇಂಜಿನ್ನೂ ಯಾಂತ್ರಿಕ ಗೇರುಪೆಟ್ಟಿಗೆಯೂ ರೈಲಿನ ದಿನವಿಡೀ ದುಡಿಮೆಗೆ ತಾಳಲಿಲ್ಲ. ಕಮಿನ್ಸ್ ಇಂಜಿನ್, ಫೊಯ್ಟ್ ಕಂಪನಿಯ ಹೈಡ್ರಾಲಿಕ್ ಗೇರುಪೆಟ್ಟಿಗೆ ಹಾಕಿದ ಮೇಲೆ ಪೇಸರ್ ನೆಚ್ಚಬಹುದಾದ ಗಾಡಿಯಾಯಿತು.

ಅದೇ ವರ್ಷಗಳಲ್ಲಿ ಬ್ರಿಟಿಷ್ ರೈಲ್ ‘ಸ್ಪ್ರಿಂಟರ್’ ಎಂಬ ಇನ್ನೊಂದು ಕುಟುಂಬವನ್ನೂ ಕಟ್ಟಿತು. ಇವು ಟ್ರಾಲಿಯ ಮೇಲೆ ಕೂತ ಪೂರಾ ರೈಲುಬೋಗಿಗಳು. ಮೊದಲ ವರ್ಗಗಳಲ್ಲಿ ಬೋಗಿಗೊಂದು 285 ಅಶ್ವಶಕ್ತಿಯ ಕಮಿನ್ಸ್ ಇಂಜಿನ್, ಗೇರಿನ ತಾಪತ್ರಯವಿಲ್ಲದ ಹೈಡ್ರಾಲಿಕ್ ಪ್ರಸರಣ. 150ನೇ ವರ್ಗದ ಮಾದರಿ 1984ರಲ್ಲಿ ಬಂತು. 156ನೇ ವರ್ಗದ 114 ಸೆಟ್ಟುಗಳು 1987ರಿಂದ 1989ರ ಒಳಗೆ ಬರ್ಮಿಂಗ್‌ಹ್ಯಾಮಿನಿಂದ ಹೊರಬಂದವು. 1989ರ ನಂತರದ 158ನೇ ವರ್ಗಕ್ಕೆ ಅಲ್ಯೂಮಿನಿಯಂ ಒಡಲು, ಹವಾನಿಯಂತ್ರಣ, ಗಂಟೆಗೆ 90 ಮೈಲಿ ವೇಗ. ಆ ಮಾದರಿಯ 20 ಬೋಗಿಗಳನ್ನು ಮೀಟರ್‌ಗೇಜಿಗೆ ಹೊಂದಿಸಿ ಥಾಯ್ಲೆಂಡಿಗೂ ಮಾರಲಾಯಿತು. ವಿಚಿತ್ರ ಗತಿ ಕಂಡದ್ದು 155ನೇ ವರ್ಗ. ಅದರ 35 ಎರಡು-ಬೋಗಿ ಸೆಟ್ಟುಗಳನ್ನು 1990ರ ದಶಕದ ಆರಂಭದಲ್ಲಿ ಬಿಡಿಸಿ, ಪ್ರತಿ ಬೋಗಿಯ ಬೋಳು ತುದಿಗೂ ಒಂದು ಇಕ್ಕಟ್ಟಾದ ಚಾಲಕನ ಕೋಣೆ ಕಟ್ಟಿ, 70 ಒಂಟಿ ಬೋಗಿಗಳನ್ನಾಗಿ ಮಾಡಿದರು. ಕಡಿಮೆ ಜನರ ಮಾರ್ಗಕ್ಕೆ ಅವು ಹೇಳಿ ಮಾಡಿಸಿದಂತಿದ್ದವು. ಮುಂದೆ ಜನ ಹೆಚ್ಚಿದಾಗ ಆ ಒಂಟಿ ಬೋಗಿಯಲ್ಲೇ ಉಸಿರುಗಟ್ಟಿ ನಿಂತವರೂ ಅದೇ ಮಾರ್ಗದವರು.

ಬಳಕೆದಾರರ ಸಂಘಗಳಿಗೆ ಈ ಚರಿತ್ರೆಯಲ್ಲಿ ಹೆಮ್ಮೆಪಡುವ ಜಾಗವಿದೆ. ಉತ್ತರ ಇಂಗ್ಲೆಂಡಿನ ಸೆಟ್ಲ್–ಕಾರ್ಲೈಲ್ ಮಾರ್ಗವನ್ನು ಮುಚ್ಚುವ ಹುನ್ನಾರಕ್ಕೆ ಎದುರಾಗಿ 1981ರಲ್ಲಿ ಗೆಳೆಯರ ಬಳಗವೊಂದು ಹುಟ್ಟಿತು. ಮುಚ್ಚುವ ಪ್ರಸ್ತಾವಕ್ಕೆ 22,000ಕ್ಕೂ ಹೆಚ್ಚು ಆಕ್ಷೇಪಗಳು ಬಂದವು. ಹೋರಾಟ ನಡೆಯುತ್ತಿದ್ದಾಗಲೇ, 1986ರಲ್ಲಿ, ಮುಚ್ಚಿದ್ದ ಎಂಟು ಸಣ್ಣ ನಿಲ್ದಾಣಗಳು ಮತ್ತೆ ತೆರೆದವು. 1989ರ ಏಪ್ರಿಲ್‌ನಲ್ಲಿ ಸರ್ಕಾರ ಮಾರ್ಗ ಉಳಿಯಲಿ ಎಂದಿತು. ಆಮೇಲೆ ಅಲ್ಲಿನ ದಿನನಿತ್ಯದ ಓಡಾಟಕ್ಕೆ ಹೆಗಲು ಕೊಟ್ಟದ್ದು ಸ್ಪ್ರಿಂಟರ್‌ಗಳು. ಡೆವನ್ ಮತ್ತು ಕಾರ್ನ್‌ವಾಲ್‌ನಲ್ಲಿ 1991ರಲ್ಲಿ ಹುಟ್ಟಿದ ರೈಲು ಸಹಭಾಗಿತ್ವ ಸಂಸ್ಥೆ ಊರವರು, ಸ್ಥಳೀಯ ಆಡಳಿತ, ರೈಲ್ವೆ ಮೂವರನ್ನೂ ಒಂದೇ ಮೇಜಿಗೆ ತಂದಿತು. ವೇಳಾಪಟ್ಟಿ, ಬಸ್ಸಿನ ಜೋಡಣೆ, ನಿಲ್ದಾಣದ ದೀಪ ಇಂಥ ಸಣ್ಣ ಸಂಗತಿಗಳ ಬೆನ್ನು ಹತ್ತಿ ಜನರನ್ನು ಕವಲು ಮಾರ್ಗಕ್ಕೆ ಮರಳಿ ತಂದ ಕೆಲಸ ಅದು.

ಇಪ್ಪತ್ತು ವರ್ಷಕ್ಕೆಂದು ಬಂದ ಪೇಸರ್ ಮೂವತ್ತು ದಾಟಿಯೂ ಓಡಿದ್ದೇಕೆ ಎಂಬುದಕ್ಕೆ ಉತ್ತರ 1990ರ ದಶಕದ ಖಾಸಗೀಕರಣದಲ್ಲಿದೆ. ಗಾಡಿಗಳ ಒಡೆತನ ಮೂರು ಗುತ್ತಿಗೆ ಕಂಪನಿಗಳ ಪಾಲಾಯಿತು. ರೈಲು ಓಡಿಸುವ ಕಂಪನಿ ಕೆಲವೇ ವರ್ಷಗಳ ಒಪ್ಪಂದದ ಮೇಲೆ ಬಂದು ಹೋಗುವಂಥದ್ದು. ಮೂವತ್ತು ವರ್ಷ ಬಾಳುವ ಗಾಡಿ ಕೊಳ್ಳುವ ಉಸಾಬರಿ ಅದಕ್ಕೆ ಬೇಕಿರಲಿಲ್ಲ. 2004ರಲ್ಲಿ ಉತ್ತರ ಇಂಗ್ಲೆಂಡಿನ ಸ್ಥಳೀಯ ರೈಲುಗಳ ಗುತ್ತಿಗೆಯನ್ನು ಪ್ರಯಾಣಿಕರ ಸಂಖ್ಯೆ ಹೆಚ್ಚದು ಎಂಬ ಲೆಕ್ಕದ ಮೇಲೆಯೇ ಕೊಡಲಾಯಿತು. ಆ ಗುತ್ತಿಗೆ 2016ರವರೆಗೆ ಎಳೆಯಿತು. ಸಂಖ್ಯೆ ಹೆಚ್ಚಿತು, ಗಾಡಿ ಹೆಚ್ಚಲಿಲ್ಲ. ಲಂಡನ್ ಸುತ್ತಿನವರಿಗೆ ಹೊಸ ರೈಲು, ತಮಗೆ ಹಳೆಯ ಬಸ್ಸು ಎಂಬ ಕಹಿ ಉತ್ತರದ ಊರುಗಳಲ್ಲಿ ಬೆಳೆದದ್ದು ಈ ವರ್ಷಗಳಲ್ಲಿ. ಅದು ನ್ಯಾಯವಾದ ಕಹಿ.

ಸುರಕ್ಷತೆಯ ಪ್ರಶ್ನೆಯೂ ಇತ್ತು. 1999ರ ಜೂನ್ 23ರಂದು ವಿನ್ಸ್‌ಫರ್ಡ್ ಬಳಿ ಖಾಲಿ ಪೇಸರೊಂದು ಕೆಂಪು ಸಿಗ್ನಲ್ ದಾಟಿ ಮುಖ್ಯ ಮಾರ್ಗದೊಳಕ್ಕೆ ನುಗ್ಗಿತು. ಹಿಂದಿನಿಂದ ಬಂದ ವೇಗದ ರೈಲು ಅದಕ್ಕೆ ಡಿಕ್ಕಿ ಹೊಡೆಯಿತು. 31 ಜನ ಗಾಯಗೊಂಡರು, ಪ್ರಾಣಹಾನಿ ಆಗಲಿಲ್ಲ. ಆದರೆ ಡಿಕ್ಕಿಯ ಪೆಟ್ಟಿಗೆ ಪೇಸರಿನ ಒಡಲು ಚಾಸಿಸ್ಸಿನಿಂದ ಕಿತ್ತು ಸರಿದಿತ್ತು. ಒಳಗೆ ಪ್ರಯಾಣಿಕರು ತುಂಬಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಆ ಗಾಡಿಯನ್ನು ಕೊನೆಯವರೆಗೂ ಬಿಡಲಿಲ್ಲ.

ಪೇಸರಿಗೆ ತೆರೆ ಎಳೆದದ್ದು ಎರಡು ನಿರ್ಧಾರಗಳು. ಗಾಲಿಕುರ್ಚಿಯವರಿಗೂ ದೃಷ್ಟಿದೋಷ ಉಳ್ಳವರಿಗೂ ಅನುಕೂಲವಿಲ್ಲದ ಯಾವ ಗಾಡಿಯೂ 2019ರ ಕೊನೆಯ ನಂತರ ಓಡಕೂಡದು ಎಂಬ ನಿಯಮ ಒಂದು. ಇನ್ನೊಂದು 2015ರಲ್ಲಿ ಸಾರಿಗೆ ಸಚಿವ ಪ್ಯಾಟ್ರಿಕ್ ಮೆಕ್‌ಲಾಫ್ಲಿನ್ ಕೈಗೊಂಡದ್ದು. ಪೇಸರ್ ಬದಲಿಸಿದರೆ ಕೊಟ್ಟ ಹಣಕ್ಕೆ ತಕ್ಕ ಪ್ರತಿಫಲ ಲೆಕ್ಕಕ್ಕೆ ಸಿಗುವುದಿಲ್ಲವೆಂದು ಇಲಾಖೆಯ ಅತ್ಯುನ್ನತ ಅಧಿಕಾರಿ ಆಕ್ಷೇಪಿಸಿದ್ದರು. ಸಚಿವರು ಲಿಖಿತ ಆದೇಶ ಕೊಟ್ಟು, ಹೊಸ ಗುತ್ತಿಗೆಯಲ್ಲಿ ಪೇಸರ್ ತೆಗೆಯುವ ಷರತ್ತು ಹಾಕಿಸಿದರು. ಪ್ರತಿಫಲದ ಲೆಕ್ಕ ಹಾಕುವ ಸೂತ್ರದಲ್ಲಿ ಮೂವತ್ತು ವರ್ಷ ಕುಲುಕಾಡಿ ಕೆಲಸಕ್ಕೆ ಹೋದವರ ದಣಿವಿಗೆ ಕಾಲಂ ಇರಲಿಲ್ಲ; ಆ ನಿರ್ಧಾರ ಸರಿಯಾದದ್ದೇ. 2019ರ ಜುಲೈನಲ್ಲಿ ಸ್ಪೇನಿನ ಸಿ.ಎ.ಎಫ್. ಕಂಪನಿಯ 195ನೇ ವರ್ಗದ ಹೊಸ ಡೀಸೆಲ್ ರೈಲುಗಳು ಉತ್ತರದಲ್ಲಿ ಓಡತೊಡಗಿದವು. ಹೊಸ ಗಾಡಿಗಳು ತಡವಾದದ್ದರಿಂದ ಪೇಸರ್‌ಗೆ ವಿನಾಯಿತಿ ಕೊಟ್ಟು ಇನ್ನಷ್ಟು ದಿನ ದುಡಿಸಿದರು. ಉತ್ತರ ಇಂಗ್ಲೆಂಡಿನಲ್ಲಿ 2020ರ ಕೊನೆಗೆ, ವೇಲ್ಸ್‌ನಲ್ಲಿ 2021ರಲ್ಲಿ ಅವುಗಳ ಓಡಾಟ ನಿಂತಿತು. ಅನೇಕ ಸೆಟ್ಟುಗಳು ಹವ್ಯಾಸಿಗಳ ಸಂರಕ್ಷಿತ ರೈಲುಮಾರ್ಗಗಳಿಗೆ ಹೋದವು. ಬ್ರಾಡ್‌ಫರ್ಡಿನ ಒಂದು ಪ್ರಾಥಮಿಕ ಶಾಲೆಗೂ ಏರ್‌ಡೇಲ್ ಆಸ್ಪತ್ರೆಗೂ ಬೋಗಿ ಕೊಡಲಾಯಿತು. 141ನೇ ವರ್ಗದ ಹಲವು ಸೆಟ್ಟುಗಳು ಅದಕ್ಕೂ ಬಹಳ ಹಿಂದೆಯೇ ಇರಾನಿಗೆ ಹಡಗೇರಿದ್ದವು.

ಕರ್ನಾಟಕಕ್ಕೆ ಬಂದರೆ, ಬಂಗಾರಪೇಟೆ–ಕೋಲಾರದ ರೈಲುಬಸ್ಸು, ಶಿವಮೊಗ್ಗ–ತಾಳಗುಪ್ಪದ ಮೀಟರ್‌ಗೇಜ್ ರೈಲುಬಸ್ಸು, ಅನಂತರದ ಡೆಮು ಗಾಡಿಗಳು ಇದೇ ವಂಶದವು. ಸಂಘಗಳ ಮನವಿಪತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಇನ್ನೊಂದು ಗಾಡಿ ಬಿಡಿ, ಇಂಥ ನಿಲ್ದಾಣದಲ್ಲಿ ನಿಲ್ಲಿಸಿ ಎಂಬ ಬೇಡಿಕೆ. ಬ್ರಿಟನ್ನಿನ ಅನುಭವ ನೋಡಿದರೆ ಅದರ ಜೊತೆಗೆ ಇನ್ನೂ ಮೂರು ಪ್ರಶ್ನೆ ಲಿಖಿತದಲ್ಲಿ ಕೇಳುವುದು ಒಳ್ಳೆಯದು. ಗಾಡಿ ಕೆಟ್ಟ ದಿನ ಬದಲಿ ಸೆಟ್ಟು ಯಾವ ಶೆಡ್ಡಿನಿಂದ ಬರುತ್ತದೆ? ಜನ ಹೆಚ್ಚಿದರೆ ಬೋಗಿ ಕೂಡಿಸಲು ಅವಕಾಶವಿದೆಯೇ? ಈ ಗಾಡಿಯನ್ನು ಯಾವ ವರ್ಷ ಬದಲಿಸಲಾಗುತ್ತದೆ? ಪೇಸರಿನ ಪ್ರಯಾಣಿಕರು ಮೂರನೆಯ ಪ್ರಶ್ನೆಗೆ ಲಿಖಿತ ಉತ್ತರ ಪಡೆದದ್ದು ಮೂವತ್ತು ವರ್ಷದ ನಂತರ.

ಕರ್ನಾಟಕದಲ್ಲಿ ವಿದ್ಯುದೀಕರಣ ಮುಂದುವರಿದಂತೆ ಡೆಮು ಇದ್ದ ಹಲವೆಡೆ ಮೆಮು ಬಂದಿದೆ. ಬ್ರಿಟನ್ನಿನ ಕವಲು ಮಾರ್ಗಗಳಲ್ಲಿ ಹೆಚ್ಚಿನವಕ್ಕೆ ಇನ್ನೂ ತಂತಿ ಎಳೆದಿಲ್ಲ. ಬರೀ ಡೀಸೆಲ್ಲಿನಿಂದ ಓಡುವ ರೈಲುಗಳನ್ನು 2040ರೊಳಗೆ ನಿಲ್ಲಿಸಬೇಕೆಂಬ ಗುರಿಯನ್ನು ಅಲ್ಲಿನ ಸರ್ಕಾರ 2018ರಲ್ಲಿ ಮುಂದಿಟ್ಟಿತು. ಲಂಡನ್ನಿನ ಹಳೆಯ ಮೆಟ್ರೊ ಬೋಗಿಗಳನ್ನು ಮಾರ್ಪಡಿಸಿದ 230ನೇ ವರ್ಗದ ಗಾಡಿಗಳು 2023ರಲ್ಲಿ ರೆಕ್ಸಮ್–ಬಿಡ್‌ಸ್ಟನ್ ಮಾರ್ಗದಲ್ಲಿ ಓಡತೊಡಗಿದವು. ಅದೇ ಕುಟುಂಬದ ಬ್ಯಾಟರಿ ರೈಲೊಂದನ್ನು ಗ್ರೀನ್‌ಫರ್ಡ್ ಕವಲಿನಲ್ಲಿ ಪರೀಕ್ಷೆಗೆ ಹಚ್ಚಿದರು. ವೆಸ್ಟ್ ಈಲಿಂಗ್ ನಿಲ್ದಾಣದಲ್ಲಿ ಮೂರೂವರೆ ನಿಮಿಷ ನಿಂತರೆ ಅದಕ್ಕೆ ಮುಂದಿನ ಓಡಾಟಕ್ಕೆ ಬೇಕಾದಷ್ಟು ಚಾರ್ಜ್ ಸಿಗುತ್ತದೆ. 1980ರ ದಶಕದ 150 ಮತ್ತು 156ನೇ ವರ್ಗದ ಸ್ಪ್ರಿಂಟರ್‌ಗಳು ಮಾತ್ರ ಇನ್ನೂ ದುಡಿಯುತ್ತಿವೆ. ಅವುಗಳ ಜಾಗಕ್ಕೆ 450ರವರೆಗೆ ಹೊಸ ರೈಲುಗಳನ್ನು ತರುವ ಖರೀದಿ ಪ್ರಕ್ರಿಯೆಯನ್ನು ಉತ್ತರ ಇಂಗ್ಲೆಂಡಿನ ನಾರ್ದರ್ನ್ ರೈಲು ಸಂಸ್ಥೆ ಆರಂಭಿಸಿದೆ.